ಹಳೆಯ ರೋಡ್ ಬೈಕಿಗೆ ಹೊಸ ಕ್ರ್ಯಾಂಕ್‌ಸೆಟ್, ಹೊಸ ಫೋರ್ಕ್: ಏನು ಹೊಂದುತ್ತದೆ, ಏನು ಬೇಕು?

ಸಪ್ತಾಪುರ, ಧಾರವಾಡ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 1990ರ ದಶಕದ ನಡುಭಾಗದಲ್ಲಿ ತಯಾರಾದ, ಉಕ್ಕಿನ ಚೌಕಟ್ಟಿನ ರೋಡ್ ಬೈಕ್ ಇದೆ. ಹದಿನಾಲ್ಕು ವರ್ಷಗಳ ಹಿಂದೆ ಬಾಗಲಕೋಟೆಯ ಹಳೆಯ ಓಟಗಾರರೊಬ್ಬರಿಂದ ಕೊಂಡದ್ದು. ಅಂದಿನಿಂದ ಟೈರು, ಚೈನು, ಬ್ರೇಕ್ ರಬ್ಬರು ಬಿಟ್ಟರೆ ಏನನ್ನೂ ಬದಲಿಸಿಲ್ಲ. ಮುಂದೆ ಪೆಡಲಿನ ಬಳಿ 52 ಮತ್ತು 42 ಹಲ್ಲಿನ ಎರಡು ಚೈನ್‌ರಿಂಗ್ (ಹಲ್ಲುಚಕ್ರ), ಹಿಂದೆ 12ರಿಂದ 25 ಹಲ್ಲಿನವರೆಗಿನ ಎಂಟು ಗೇರಿನ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು) ಇವೆ. ವಾರದ ದಿನಗಳಲ್ಲಿ ಕೆಲಗೇರಿ ಕೆರೆಯವರೆಗೆ ಹೋಗಿ ಬರುತ್ತೇನೆ. ಭಾನುವಾರ ಸಮಯ ಸಿಕ್ಕರೆ ಸವದತ್ತಿಯ ದಾರಿ ಹಿಡಿಯುತ್ತೇನೆ.

ನನಗೀಗ 54 ವರ್ಷ. ಯಲ್ಲಮ್ಮನ ಗುಡ್ಡದ ಏರಿನಲ್ಲಿ 42ರ ರಿಂಗು ಮತ್ತು 25ರ ಹಲ್ಲಿನ ಮೇಲೆ ಎದ್ದು ನಿಂತು ತುಳಿದರೆ ಮರುದಿನ ಮೆಟ್ಟಿಲು ಇಳಿಯುವಾಗ ಬಲ ಮೊಣಕಾಲು ನೋಯುತ್ತದೆ. ಅದರ ಜೊತೆಗೆ ಎಡ ಕ್ರ್ಯಾಂಕು (ಪೆಡಲಿನ ತೋಳು) ಪ್ರತಿ ಸುತ್ತಿಗೂ ಒಮ್ಮೆ ‘ಕಟ್’ ಎಂದು ಸದ್ದು ಮಾಡುತ್ತದೆ. ಬೋಲ್ಟನ್ನು ಬಿಗಿ ಮಾಡಿಸಿದರೆ ಎರಡು ವಾರ ಸುಮ್ಮನಿದ್ದು ಮತ್ತೆ ಶುರುವಾಗುತ್ತದೆ. ಆದ್ದರಿಂದ 50 ಮತ್ತು 34 ಹಲ್ಲಿನ ಕಾಂಪ್ಯಾಕ್ಟ್ ಕ್ರ್ಯಾಂಕ್‌ಸೆಟ್ (ಚಿಕ್ಕ ಚೈನ್‌ರಿಂಗುಗಳ ಕ್ರ್ಯಾಂಕು ಜೋಡಿ) ಹಾಕಿಸಬೇಕೆಂದು ಯೋಚಿಸಿದ್ದೇನೆ.

ಎರಡನೆಯದು ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿಯುವ ಕವಲು. ಕೆಟ್ಟ ರಸ್ತೆಯಲ್ಲಿ ಹ್ಯಾಂಡಲ್ ಕೈಗೆ ಬಹಳ ನಡುಕ ಕೊಡುತ್ತದೆ. ಕಾರ್ಬನ್ ಫೋರ್ಕ್ ಹಾಕಿದರೆ ತೂಕವೂ ಇಳಿಯುತ್ತದೆ, ನಡುಕವೂ ಇಳಿಯುತ್ತದೆ ಎಂದು ಕೇಳಿದ್ದೇನೆ. ಈಗ ಅಂಗಡಿಗಳಲ್ಲಿ ಸಿಗುವ 1⅛ ಅಂಗುಲದ ಕೊಳವೆಯ, ಸ್ಟೆಮ್ಮನ್ನು (ಹ್ಯಾಂಡಲ್ ಹಿಡಿಯುವ ತುಂಡನ್ನು) ಹೊರಗಿನಿಂದ ಹಿಡಿಸುವ ಮಾದರಿಯ ಫೋರ್ಕ್ ನನ್ನ ಬೈಕಿಗೆ ಕೂರುತ್ತದೆಯೇ? ದೀಪಾವಳಿಯ ನಂತರ ನಿಧಾನವಾಗಿ ತಿರುಗುವಾಗ ಬೂಟಿನ ತುದಿ ಮುಂದಿನ ಟೈರಿಗೆ ತಾಗುತ್ತಿದೆ. ಅದು ಹೊಸ ಬೂಟಿನಿಂದ ಇರಬಹುದು, ಆದರೂ ಕ್ರ್ಯಾಂಕಿನ ಉದ್ದ ಆರಿಸುವಾಗ ಬೇಕಾದೀತೆಂದು ಹೇಳುತ್ತಿದ್ದೇನೆ. ಎಲ್ಲ ಸೇರಿ ಹದಿನೈದು ಸಾವಿರ ರೂಪಾಯಿಯವರೆಗೆ ಖರ್ಚು ಮಾಡಬಲ್ಲೆ. ಅನುಭವವುಳ್ಳವರು ದಾರಿ ತೋರಿಸಬೇಕು.

ನವನಗರ, ಹುಬ್ಬಳ್ಳಿ

ಸರ್, ಮೊದಲು ಎಡ ಕ್ರ್ಯಾಂಕಿನ ವಿಷಯ. ಆ ಕಾಲದ ಬೈಕಿನಲ್ಲಿ ಬಾಟಮ್ ಬ್ರ್ಯಾಕೆಟ್ಟಿನ (ಕ್ರ್ಯಾಂಕುಗಳು ತಿರುಗುವ ಬೇರಿಂಗ್ ಜೋಡಿಯ) ಅಚ್ಚಿನ ತುದಿ ಚೌಕಾಕಾರದಲ್ಲಿದ್ದು, ತುದಿಯ ಕಡೆಗೆ ಸ್ವಲ್ಪ ಸಣ್ಣದಾಗುತ್ತ ಹೋಗಿರುತ್ತದೆ. ಕ್ರ್ಯಾಂಕು ಅಲ್ಯುಮಿನಿಯಂ, ಅಚ್ಚು ಉಕ್ಕು. ಬೋಲ್ಟು ಸಡಿಲವಾಗಿದ್ದಾಗ ಸವಾರಿ ಮಾಡಿದರೆ ಮೆತ್ತನೆಯ ಅಲ್ಯುಮಿನಿಯಂನ ಚೌಕ ರಂಧ್ರದ ಮೂಲೆಗಳು ಸವೆದು ದುಂಡಗಾಗುತ್ತವೆ. ಒಮ್ಮೆ ದುಂಡಗಾದ ಮೇಲೆ ಬೋಲ್ಟನ್ನು ಎಷ್ಟು ಬಿಗಿದರೂ ಅದು ನಿಲ್ಲುವುದಿಲ್ಲ. ಬಿಗಿದಷ್ಟೂ ಕ್ರ್ಯಾಂಕು ಒಳಕ್ಕೆ ಸರಿದು, ರಂಧ್ರ ಇನ್ನಷ್ಟು ಅಗಲವಾಗುತ್ತದೆ. ಆ ಎಡ ಕ್ರ್ಯಾಂಕಿನ ಆಯುಷ್ಯ ಮುಗಿದಿದೆ ಎಂದೇ ತಿಳಿಯಿರಿ. ಹೊಸದು ಬರುವವರೆಗೆ ಏರಿನಲ್ಲಿ ಎದ್ದು ನಿಂತು ತುಳಿಯಬೇಡಿ.

ಏನನ್ನೂ ಕೊಳ್ಳುವ ಮುನ್ನ ಒಂದು ವರ್ನಿಯರ್ ಕ್ಯಾಲಿಪರ್ ಹಿಡಿದು ಅರ್ಧ ಗಂಟೆ ಬೈಕಿನ ಮುಂದೆ ಕುಳಿತುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಬಾಟಮ್ ಬ್ರ್ಯಾಕೆಟ್ ಕೂರುವ ಕೊಳವೆಯ ಅಗಲ ಅಳೆಯಿರಿ. 68 ಮಿ.ಮೀ. ಇದ್ದರೆ ಬಹುತೇಕ ಇಂಗ್ಲಿಷ್ ಮರೆ (ಸ್ಕ್ರೂವಿನ ಥ್ರೆಡ್), ಅಂದರೆ 1.37 ಅಂಗುಲ, ಅಂಗುಲಕ್ಕೆ 24 ಎಳೆ. 70 ಮಿ.ಮೀ. ಇದ್ದರೆ ಇಟಲಿಯ ಮರೆ, 36 ಮಿ.ಮೀ. ಇಂಗ್ಲಿಷ್ ಮರೆಯಲ್ಲಿ ಬಲಬದಿಯ ಕಪ್ (ಬೇರಿಂಗ್ ಕೂರಿಸುವ ಬಳೆ) ಎಡಮರೆಯದಾಗಿರುತ್ತದೆ, ಇಟಲಿಯದರಲ್ಲಿ ಎರಡೂ ಬಲಮರೆ. ಇದು ಗೊತ್ತಿಲ್ಲದೆ ಬಲಬದಿಯನ್ನು ಸಾಮಾನ್ಯ ದಿಕ್ಕಿನಲ್ಲಿ ತಿರುಗಿಸಲು ಹೋಗಿ ಇನ್ನಷ್ಟು ಬಿಗಿ ಮಾಡಿದವರನ್ನು ನಾನು ನೋಡಿದ್ದೇನೆ.

ಆಮೇಲೆ ಚೈನ್‌ರಿಂಗಿನ ಐದು ಬೋಲ್ಟುಗಳಲ್ಲಿ ಪಕ್ಕಪಕ್ಕದ ಎರಡರ ನಡುವಿನ ಅಂತರವನ್ನು ಕೇಂದ್ರದಿಂದ ಕೇಂದ್ರಕ್ಕೆ ಅಳೆಯಿರಿ. 76.4 ಮಿ.ಮೀ. ಬಂದರೆ ಬೋಲ್ಟು ವೃತ್ತ, ಅಂದರೆ ಐದೂ ಬೋಲ್ಟುಗಳ ಮೂಲಕ ಹಾಯುವ ವೃತ್ತದ ವ್ಯಾಸ, 130 ಮಿ.ಮೀ., 64.7 ಬಂದರೆ 110. 130ರ ವೃತ್ತಕ್ಕೆ 38 ಹಲ್ಲಿಗಿಂತ ಚಿಕ್ಕ ರಿಂಗು ಕೂರುವುದಿಲ್ಲ. 34 ಬೇಕೆಂದರೆ 110ರ ಕ್ರ್ಯಾಂಕನ್ನೇ ತರಬೇಕಾಗುತ್ತದೆ.

ಫೋರ್ಕ್ ಬಗ್ಗೆ ಒಂದೇ ಮಾತು. ನಿಮ್ಮ ಸ್ಟೆಮ್ಮು ಫೋರ್ಕಿನ ಕೊಳವೆಯ ಒಳಗೆ ಇಳಿದಿದ್ದರೆ, ಮೇಲೆ ಎರಡು ದೊಡ್ಡ ನಟ್ಟು ಕಾಣುತ್ತಿದ್ದರೆ, ಅದು ಒಂದಂಗುಲದ ಮರೆಯುಳ್ಳ ಫೋರ್ಕ್. ಅದು ಕೂರುವ ಹೆಡ್ ಟ್ಯೂಬಿನ (ಚೌಕಟ್ಟಿನ ಮುಂದಿನ ಗಿಡ್ಡ ಕೊಳವೆಯ) ಒಳವ್ಯಾಸ ಸುಮಾರು 30 ಮಿ.ಮೀ. ಮಾತ್ರ. ಈಗಿನ ಫೋರ್ಕಿನ ಕೊಳವೆಯೇ 28.6 ಮಿ.ಮೀ. ಇರುವುದರಿಂದ ಬೇರಿಂಗಿಗೆ ಜಾಗವೇ ಉಳಿಯುವುದಿಲ್ಲ. ಆ ಆಸೆಯನ್ನು ಇಲ್ಲಿಗೇ ಬಿಡಿ.

ವಿದ್ಯಾನಗರ, ಹುಬ್ಬಳ್ಳಿ

ನವನಗರದ ಅಣ್ಣನವರ ಮಾತು ಅಳತೆಯ ಮಟ್ಟಿಗೆ ಸರಿ. ಆದರೆ ಈ ಕಾಲದಲ್ಲಿ ಮತ್ತೆ ಚೌಕ ಅಚ್ಚಿಗೇ ಹೋಗಬೇಕೇ ಎಂಬುದು ನನ್ನ ಪ್ರಶ್ನೆ. ಇಂಗ್ಲಿಷ್ ಮರೆಯ 68 ಮಿ.ಮೀ. ಕೊಳವೆಯಾದರೆ 24 ಮಿ.ಮೀ. ಅಚ್ಚಿನ, ಬೇರಿಂಗ್ ಹೊರಗಿರುವ ಶಿಮಾನೊ ಹಾಲೊಟೆಕ್ 2 ಮಾದರಿಯ ಕ್ರ್ಯಾಂಕು ನೇರವಾಗಿ ಕೂರುತ್ತದೆ. ಅಚ್ಚು ಬಲ ಕ್ರ್ಯಾಂಕಿಗೇ ಸೇರಿಕೊಂಡಿರುತ್ತದೆ, ಎಡ ಕ್ರ್ಯಾಂಕನ್ನು ಎರಡು ಚಿಕ್ಕ ಬೋಲ್ಟುಗಳು ಹಿಡಿಯುತ್ತವೆ. ಅಚ್ಚಿನ ಉದ್ದ ಆರಿಸುವ ತಲೆನೋವೇ ಇಲ್ಲ. ಬಿಚ್ಚಲು ಎಳೆಯುವ ಉಪಕರಣವೂ ಬೇಡ. ಚೌಕ ರಂಧ್ರ ಸವೆಯುವ ಈ ತೊಂದರೆಯೇ ಬರುವುದಿಲ್ಲ. ನನ್ನ ಬೈಕಿನಲ್ಲಿ 50 ಮತ್ತು 34 ಇದೆ. ನೃಪತುಂಗ ಬೆಟ್ಟವನ್ನು ಕುಳಿತೇ ಹತ್ತುತ್ತೇನೆ.

ಗದಗ-ಬೆಟಗೇರಿ

50 ಮತ್ತು 34 ಎಲ್ಲರಿಗೂ ಹೊಂದುವ ಉತ್ತರವಲ್ಲ. ಸಪ್ತಾಪುರದ ಸರ್ ಅವರ ಬೈಕಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ.

700 ಗಾತ್ರದ ಚಕ್ರ ಒಂದು ಸುತ್ತಿಗೆ ಸುಮಾರು 2.1 ಮೀಟರ್ ಸಾಗುತ್ತದೆ. ಈಗಿನ ಅತಿ ಹಗುರ ಗೇರಾದ 42ಕ್ಕೆ 25ರಲ್ಲಿ ಪೆಡಲಿನ ಒಂದು ಸುತ್ತಿಗೆ ಬೈಕು 3.53 ಮೀಟರ್ ಮುಂದೆ ಹೋಗುತ್ತದೆ. ಕಡಿದಾದ ಏರಿನಲ್ಲಿ ಗಂಟೆಗೆ 9 ಕಿ.ಮೀ. ವೇಗವೆಂದರೆ ನಿಮಿಷಕ್ಕೆ 42 ಸುತ್ತು. ಮೊಣಕಾಲು ನೋಯುವುದಕ್ಕೆ ಇದೇ ಕಾರಣ. 34ಕ್ಕೆ 28 ಇದ್ದರೆ ಅದೇ ಒಂದು ಸುತ್ತಿಗೆ 2.55 ಮೀಟರ್, ಅದೇ 9 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ 59 ಸುತ್ತು. ಮೊದಲು ಪೆಡಲಿನ ಮೇಲೆ 100ರಷ್ಟು ಬಲ ಹಾಕುತ್ತಿದ್ದ ಕಡೆ ಈಗ 72 ಸಾಕಾಗುತ್ತದೆ.

ಆದರೆ ಹಿಂದಿನ ಡಿರೇಲರಿಗೂ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗಕ್ಕೂ) ಒಂದು ಮಿತಿಯಿದೆ. ಮುಂದಿನ ಎರಡು ರಿಂಗುಗಳ ವ್ಯತ್ಯಾಸ ಮತ್ತು ಹಿಂದಿನ ದೊಡ್ಡ ಹಲ್ಲು, ಚಿಕ್ಕ ಹಲ್ಲುಗಳ ವ್ಯತ್ಯಾಸ, ಇವೆರಡನ್ನೂ ಕೂಡಿದರೆ ಬರುವ ಸಂಖ್ಯೆಯಷ್ಟು ಸಡಿಲ ಚೈನನ್ನು ಡಿರೇಲರಿನ ಕೆಳಗಿನ ತೋಳು ಸುತ್ತಿಕೊಳ್ಳಬೇಕು. ಈಗ ನಿಮ್ಮದು 10 ಮತ್ತು 13, ಒಟ್ಟು 23. 50-34ಕ್ಕೆ 11-28ರ ಕ್ಯಾಸೆಟ್ ಸೇರಿಸಿದರೆ 16 ಮತ್ತು 17, ಒಟ್ಟು 33. ಆ ಕಾಲದ ಗಿಡ್ಡ ತೋಳಿನ ಡಿರೇಲರುಗಳ ಸಾಮರ್ಥ್ಯ ಸಾಮಾನ್ಯವಾಗಿ 26ರಿಂದ 29ರವರೆಗೆ ಮಾತ್ರ. 33 ಆದರೆ ಚಿಕ್ಕ ರಿಂಗು, ಚಿಕ್ಕ ಹಲ್ಲಿಗೆ ಬಂದಾಗ ಚೈನು ಜೋತು ಬೀಳುತ್ತದೆ. ಅದನ್ನು ತಪ್ಪಿಸಲು ಚೈನನ್ನು ಗಿಡ್ಡ ಮಾಡಿದರೆ ಇನ್ನೂ ಅಪಾಯ, ದೊಡ್ಡ ರಿಂಗು, ದೊಡ್ಡ ಹಲ್ಲಿಗೆ ಹೋದಾಗ ಡಿರೇಲರೇ ಕಿತ್ತು ಬರಬಹುದು.

ನನ್ನ ಸಲಹೆ 110ರ ವೃತ್ತದ ಕ್ರ್ಯಾಂಕಿಗೆ 46 ಮತ್ತು 34ರ ರಿಂಗು, ಹಿಂದೆ 11-28. 12 ಮತ್ತು 17, ಒಟ್ಟು 29. ವೇಗ ಕಳೆದುಕೊಳ್ಳುತ್ತೇನೆಂಬ ಭಯ ಬೇಡ. ಈಗ 52ಕ್ಕೆ 12ರಲ್ಲಿ ಒಂದು ಸುತ್ತಿಗೆ 9.1 ಮೀಟರ್, ಆಗ 46ಕ್ಕೆ 11ರಲ್ಲಿ 8.78 ಮೀಟರ್. ನಿಮಿಷಕ್ಕೆ 90 ಸುತ್ತಿನ ಲೆಕ್ಕದಲ್ಲಿ 49 ಕಿ.ಮೀ. ಬದಲು 47 ಕಿ.ಮೀ. ಆಷಾಢದಲ್ಲಿ ಗದಗಿನಿಂದ ಅಣ್ಣಿಗೇರಿ ಮೇಲೆ ಹುಬ್ಬಳ್ಳಿಗೆ ಎದುರುಗಾಳಿಯಲ್ಲಿ ಬಂದವರಿಗೆ ಗೊತ್ತು, ಬಯಲಿನಲ್ಲೂ ನಮಗೆ ಬೇಕಾಗುವುದು ನಡುವಿನ ಗೇರುಗಳು. 46ರ ರಿಂಗಿನಲ್ಲಿದ್ದರೆ ಇಡೀ ದಾರಿ ಮುಂದಿನ ಗೇರು ಮುಟ್ಟದೆ ಸಾಗಬಹುದು. 50-34ರಲ್ಲಿ 34 ತೀರ ಹಗುರ, 50 ತೀರ ಭಾರ ಎನ್ನಿಸಿ ಕೈ ಪದೇ ಪದೇ ಲಿವರಿಗೆ ಹೋಗುತ್ತದೆ.

ಗೋಕುಲ ರಸ್ತೆ, ಹುಬ್ಬಳ್ಳಿ

ನಾನು ಇಲ್ಲಿ ಲೇತ್ ಕೆಲಸ ಮಾಡುವವನು. ಕ್ರ್ಯಾಂಕಿನ ಬಗ್ಗೆ ಹೇಳಬೇಕಾದದ್ದನ್ನು ಮೇಲಿನವರು ಹೇಳಿದ್ದಾರೆ. ನನ್ನ ಗಮನ ಸೆಳೆದದ್ದು ಸರ್ ಅವರು ಬರೆದ ಬೂಟಿನ ತುದಿಯ ಮಾತು.

ಹದಿನಾಲ್ಕು ವರ್ಷ ಅದೇ ಕ್ರ್ಯಾಂಕು, ಅದೇ ಚೌಕಟ್ಟು, ಅದೇ ಗಾತ್ರದ ಟೈರು. ಇಷ್ಟು ದಿನ ತಾಗದ ಬೂಟು ದೀಪಾವಳಿಯ ನಂತರ ತಾಗುತ್ತಿದೆ. ಬೂಟಿನ ಅಟ್ಟೆ ಅರ್ಧ ಅಂಗುಲ ಉದ್ದವಾಗಿದ್ದರೆ ಸರಿ, ಇಲ್ಲವಾದರೆ ಚಕ್ರವೇ ಹಿಂದೆ ಬಂದಿದೆ ಎಂದು ಅರ್ಥ. ದಯವಿಟ್ಟು ನೆನಪು ಮಾಡಿಕೊಳ್ಳಿ, ಅದಕ್ಕೂ ಮೊದಲು ಎಲ್ಲಾದರೂ ಮುಂದಿನ ಚಕ್ರ ಜೋರಾಗಿ ಬಡಿದಿತ್ತೇ?

ಪರೀಕ್ಷೆ ಸುಲಭವಾಗಿದೆ. ಚಕ್ರ ಬಿಚ್ಚಿ, ಒಂದು ಉದ್ದನೆಯ ನೇರ ಪಟ್ಟಿಯನ್ನು ಹೆಡ್ ಟ್ಯೂಬಿನ ಪಕ್ಕಕ್ಕೆ, ಅದರ ನಡುಗೆರೆಗೆ ಸರಿಯಾಗಿ ಹಿಡಿದು ಕೆಳಗಿನವರೆಗೆ ಚಾಚಿ. ಫೋರ್ಕಿನ ಕಾಲುಗಳ ಮೇಲಿನ ನೇರ ಭಾಗ ಆ ಪಟ್ಟಿಯ ಉದ್ದಕ್ಕೇ ಇಳಿಯಬೇಕು. ಕೆಳಗೆ ಬಂದಂತೆ ಅದು ಮುಂದಕ್ಕೆ ಬಾಗುತ್ತದೆ. ಮೇಲಿನ ನೇರ ಭಾಗವೇ ಪಟ್ಟಿಯ ಹಿಂದಕ್ಕೆ ಸರಿದಿದ್ದರೆ ಫೋರ್ಕ್ ಹಿಂದೆ ಬಾಗಿದೆ. ಆಮೇಲೆ ಬೆರಳಿನಿಂದ, ಕಣ್ಣಿನಿಂದ ಅಲ್ಲ, ಹೆಡ್ ಟ್ಯೂಬಿನ ಹಿಂದೆ ಮೇಲಿನ ಕೊಳವೆಯ ಅಡಿಭಾಗವನ್ನೂ ಇಳಿಜಾರು ಕೊಳವೆಯ ಅಡಿಭಾಗವನ್ನೂ ಸವರಿ ನೋಡಿ. ಅಲ್ಲಿ ಬಣ್ಣ ಸುಕ್ಕುಗಟ್ಟಿದ್ದರೆ, ಸಣ್ಣ ಉಬ್ಬು ಕೈಗೆ ತಾಗಿದರೆ ಚೌಕಟ್ಟೂ ಬಾಗಿದೆ. ಆಗ ಕ್ರ್ಯಾಂಕಿಗೆ ದುಡ್ಡು ಹಾಕಬೇಡಿ.

ಹಾವೇರಿ

ಕ್ರ್ಯಾಂಕು ಕೊಳ್ಳುವ ಮುನ್ನ ನನಗಾದದ್ದನ್ನೂ ತಿಳಿದುಕೊಂಡರೆ ಒಳ್ಳೆಯದು. ಮೂರು ವರ್ಷಗಳ ಹಿಂದೆ ನಾನು ಒಬ್ಬರಿಂದ ಇಟಲಿಯ ಹಳೆಯ ಕ್ರ್ಯಾಂಕ್‌ಸೆಟ್ ಕೊಂಡು, ನನ್ನ ಜಪಾನ್ ಮಾದರಿಯ ಚೌಕ ಅಚ್ಚಿಗೆ ಹಾಕಿಸಿದೆ. ಚೌಕ ಎಂದ ಮೇಲೆ ಎಲ್ಲ ಒಂದೇ ಎಂದುಕೊಂಡಿದ್ದೆ. ಎರಡರ ಇಳಿಜಾರಿನ ಕೋನ ಒಂದೇ ಆದರೂ ತುದಿಯ ಅಳತೆ ಬೇರೆ. ಇಟಲಿಯ ಕಡೆಯ ಐಎಸ್‌ಒ ಮಾನದಂಡದ ಕ್ರ್ಯಾಂಕು ಜಪಾನಿನ ಜೆಐಎಸ್ ಮಾನದಂಡದ ಅಚ್ಚಿನ ಮೇಲೆ ಸುಮಾರು 4.5 ಮಿ.ಮೀ. ಹೊರಗೇ ನಿಂತುಬಿಡುತ್ತದೆ. ಬೋಲ್ಟು ಬಿಗಿಯಾಯಿತು, ಕ್ರ್ಯಾಂಕು ಅಲ್ಲಾಡಲಿಲ್ಲ, ನೋಡುವುದಕ್ಕೆ ಎಲ್ಲ ಸರಿಯಾಗಿತ್ತು. ಆದರೆ ಚೈನು ದೊಡ್ಡ ರಿಂಗಿಗೆ ಏರಬೇಕಾದರೆ ಮುಂದಿನ ಡಿರೇಲರಿನ ಸ್ಕ್ರೂವನ್ನು ಕೊನೆಯವರೆಗೂ ಬಿಚ್ಚಬೇಕಾಯಿತು. ಬಂಕಾಪುರದ ಹತ್ತಿರ ಚೈನು ಹೊರಗೆ ಬಿದ್ದು ಕ್ರ್ಯಾಂಕಿಗೆ ಸುತ್ತಿಕೊಂಡಾಗ ನಾನು ಹೆದ್ದಾರಿಯ ಅಂಚಿನಲ್ಲಿ ನೆಲಕ್ಕೆ ಬಿದ್ದೆ. ಬಲ ಮೊಣಕೈಗೆ ಆರು ಹೊಲಿಗೆ ಬಿದ್ದವು.

ಹಾಗಾಗಿ ಚೌಕ ಅಚ್ಚಿನ ಕ್ರ್ಯಾಂಕು ತರುವವರು ಅದು ಯಾವ ಮಾದರಿ, ಅದರ ತಯಾರಕರು ಎಷ್ಟು ಉದ್ದದ ಅಚ್ಚು ಹೇಳಿದ್ದಾರೆ ಎಂಬುದನ್ನು ತಿಳಿದೇ ತರಬೇಕು.

ಸಪ್ತಾಪುರ, ಧಾರವಾಡ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಪಕ್ಕದ ಮನೆಯ ಹುಡುಗನನ್ನು ಜೊತೆಗೆ ಕೂರಿಸಿಕೊಂಡು ಎಲ್ಲವನ್ನೂ ಅಳೆದೆ. ಕೊಳವೆಯ ಅಗಲ 68 ಮಿ.ಮೀ. ಎಡ ಕಪ್ಪಿನ ಮೇಲೆ 1.37 ಮತ್ತು 24 ಎಂದು ಕೊರೆದಿದೆ. ಚೈನ್‌ರಿಂಗಿನ ಬೋಲ್ಟುಗಳ ಅಂತರ 76ಕ್ಕಿಂತ ತುಸು ಹೆಚ್ಚು, ಅಂದರೆ 130ರ ವೃತ್ತ. ಮುಂದಿನ ಡಿರೇಲರು ಪಟ್ಟಿಯಿಂದ ಕೊಳವೆಗೆ ಹಿಡಿಸಿದ ಮಾದರಿ. ಹಿಂದಿನದು ಗಿಡ್ಡ ತೋಳಿನದು, ಅದರ ಕೈಪಿಡಿಯಲ್ಲಿ ದೊಡ್ಡ ಹಲ್ಲು 28, ಒಟ್ಟು ಸಾಮರ್ಥ್ಯ 29 ಎಂದಿದೆ. ಬೆಟಗೇರಿಯವರ ಲೆಕ್ಕ ಅಂಚಿಗೆ ಸರಿಯಾಗಿ ಕೂರುತ್ತದೆ.

ಗೋಕುಲ ರಸ್ತೆಯವರ ಪ್ರಶ್ನೆಗೆ ಉತ್ತರ ಹೌದು. ಕಳೆದ ಶ್ರಾವಣದಲ್ಲಿ ಮಳೆ ನಿಂತ ಮೇಲೆ ಬರುತ್ತಿದ್ದಾಗ ನೀರು ತುಂಬಿದ ಗುಂಡಿಯೊಂದು ರಸ್ತೆಯಂತೆಯೇ ಕಂಡು ಅದರೊಳಗೆ ಚಕ್ರ ಇಳಿಯಿತು. ನಾನು ಬೀಳಲಿಲ್ಲ, ರಿಮ್ಮು ಸೊಟ್ಟಗಾಗಿತ್ತು. ರಿಮ್ಮು ಸರಿ ಮಾಡಿಸಿದೆ, ಫೋರ್ಕ್ ನೋಡಬೇಕೆಂದು ಹೊಳೆಯಲೇ ಇಲ್ಲ, ನೋಡಿದವರೂ ಹೇಳಲಿಲ್ಲ.

ನಿನ್ನೆ ಅಲ್ಯುಮಿನಿಯಂ ಪಟ್ಟಿಯನ್ನು ಹೆಡ್ ಟ್ಯೂಬಿನ ಪಕ್ಕಕ್ಕೆ ಹಿಡಿದಾಗ ಫೋರ್ಕಿನ ಕಾಲು ಕಿರೀಟದ (ಎರಡು ಕಾಲುಗಳು ಕೂಡುವ ಜಾಗದ) ಕೆಳಗೆ ಎರಡು ಬೆರಳಿನಷ್ಟು ಅದರ ಜೊತೆಗೇ ಇಳಿದು, ಅಲ್ಲಿಂದ ಹಿಂದಕ್ಕೆ ತಿರುಗಿತ್ತು. ಇರಬೇಕಾದ ಜಾಗಕ್ಕಿಂತ ತುದಿ 9 ಮಿ.ಮೀ. ಹಿಂದಿದೆ ಎಂದು ನಮ್ಮ ಅಳತೆ. ಎರಡು ಕಾಲುಗಳೂ ಒಂದೇ ಸಮನಾಗಿ ಬಾಗಿರುವುದರಿಂದ ಮುಂದಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ತಿರುವಿನ ಹಿಂಬದಿಯಲ್ಲಿ ಬಣ್ಣ ಕೂದಲೆಳೆಯ ಗೆರೆಗಳಾಗಿ ಬಿರಿದು, ಗೆರೆಯೊಳಗೆ ತುಕ್ಕು ಕಂದು ಬಣ್ಣಕ್ಕೆ ತಿರುಗಿದೆ. ಚೌಕಟ್ಟಿನ ಎರಡೂ ಕೊಳವೆಗಳನ್ನು ಹಲವು ಸಲ ಸವರಿ ನೋಡಿದೆವು. ಸುಕ್ಕಾಗಲಿ ಉಬ್ಬಾಗಲಿ ಸಿಗಲಿಲ್ಲ. ಐದು ತಿಂಗಳು ಇದರ ಮೇಲೆಯೇ ಇಳಿಜಾರಿನಲ್ಲಿ 50 ಕಿ.ಮೀ. ವೇಗದಲ್ಲಿ ಬಂದಿದ್ದೇನೆ ಎಂದು ನೆನೆದರೆ ಮೈ ನಡುಗುತ್ತದೆ.

ಇಲ್ಲಿಯ ಮಿಸ್ತ್ರಿಯೊಬ್ಬರು ಒತ್ತಿ ನೇರ ಮಾಡಿಕೊಡುತ್ತೇನೆ ಎನ್ನುತ್ತಾರೆ. ಮಾಡಿಸಬಹುದೇ?

ಗೋಕುಲ ರಸ್ತೆ, ಹುಬ್ಬಳ್ಳಿ

ಬೇಡ. ಉಕ್ಕನ್ನು ಬಾಗಿಸಿ ಮತ್ತೆ ನೇರ ಮಾಡಬಹುದು ಎಂಬುದು ನಿಜ. ಚೌಕಟ್ಟಿನ ಹಿಂದಿನ ಕಾಲುಗಳನ್ನು ಅಗಲಿಸುವುದು, ಡಿರೇಲರಿನ ಕಿವಿಯನ್ನು ನೇರ ಮಾಡುವುದು ಎಲ್ಲ ನಾವು ಮಾಡುವ ಕೆಲಸವೇ. ಆದರೆ ಫೋರ್ಕಿನ ಕಾಲು ಕಿರೀಟದ ಹತ್ತಿರ, ಅತಿ ಹೆಚ್ಚು ಬಲ ಬೀಳುವ ಜಾಗದಲ್ಲಿ ಬಾಗಿದೆ, ಬಣ್ಣವೂ ಬಿರಿದಿದೆ. ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಬಾಗಿದ ತೆಳು ಕೊಳವೆಯಲ್ಲಿ ಬಿರುಕು ಎಲ್ಲಿ ಹುಟ್ಟುತ್ತದೆಂದು ಹೊರಗಿನಿಂದ ಕಾಣುವುದಿಲ್ಲ. ಚೌಕಟ್ಟಿನ ಬೇರೆ ಯಾವ ಭಾಗ ಮುರಿದರೂ ಸವಾರನಿಗೆ ಒಂದು ಕ್ಷಣ ಸಿಗುತ್ತದೆ, ಫೋರ್ಕ್ ಮುರಿದರೆ ಅದೂ ಸಿಗುವುದಿಲ್ಲ. ಆ ಬೈಕನ್ನು ಇವತ್ತಿನಿಂದ ಹೊರಗೆ ತೆಗೆಯಬೇಡಿ.

ವಿದ್ಯಾನಗರ, ಹುಬ್ಬಳ್ಳಿ

ಕಾಕಾ, ಮೊದಲ ಸಲ ಓದಿದಾಗ ಬೂಟಿನ ಮಾತನ್ನು ನಾನು ಗಮನಿಸಲೇ ಇಲ್ಲ. ನಿಮ್ಮ ದೃಷ್ಟಿಗೆ ನಮಸ್ಕಾರ. ಆದರೆ ಹೇಗಿದ್ದರೂ ಹೊಸ ಫೋರ್ಕ್ ಹಾಕಲೇಬೇಕೆಂದ ಮೇಲೆ ಒಂದಂಗುಲದ ಕೊಳವೆಯ ಕಾರ್ಬನ್ ಫೋರ್ಕನ್ನೇ ಏಕೆ ಹುಡುಕಬಾರದು? ಮರೆಯಿಲ್ಲದ ಒಂದಂಗುಲದ ಹೆಡ್‌ಸೆಟ್ಟುಗಳೂ (ಫೋರ್ಕ್ ತಿರುಗುವ ಬೇರಿಂಗ್ ಜೋಡಿಗಳೂ) ಇವೆ. ಉಕ್ಕಿನ ಫೋರ್ಕ್ 700 ಗ್ರಾಂಗೂ ಹೆಚ್ಚು ತೂಗುತ್ತದೆ. ಕಾರ್ಬನ್ ಆದರೆ 300 ಗ್ರಾಂ ಆದರೂ ಉಳಿಯುತ್ತದೆ.

ಗೋಕುಲ ರಸ್ತೆ, ಹುಬ್ಬಳ್ಳಿ

ಹಾಕಬಾರದೆಂದಿಲ್ಲ ತಮ್ಮಾ. ಆದರೆ ಅದರ ಹಿಂದೆ ಏನೇನು ಬರುತ್ತದೆ ಎಂದು ನೋಡು. ಫೋರ್ಕ್ ಹೊಸದು, ಹೆಡ್‌ಸೆಟ್ ಹೊಸದು, ಸ್ಟೆಮ್ ಹೊಸದು. ಹಳೆಯ ಹ್ಯಾಂಡಲಿನ ನಡುವ್ಯಾಸ ಆ ಸ್ಟೆಮ್ಮಿಗೆ ಹೊಂದದಿದ್ದರೆ ಹ್ಯಾಂಡಲೂ ಹೊಸದು. ಕೊಳವೆ ಕಾರ್ಬನ್ನಿನದೇ ಆಗಿದ್ದರೆ ಒಳಗೆ ಬಡಿದು ಕೂರಿಸುವ ನಕ್ಷತ್ರದ ನಟ್ಟು ಹಾಕುವಂತಿಲ್ಲ, ಹಿಗ್ಗುವ ಪ್ಲಗ್ಗೇ ಬೇಕು. ಸ್ಟೆಮ್ಮಿನ ಬೋಲ್ಟುಗಳನ್ನು ಟಾರ್ಕ್ ಪಾನಾದಿಂದಲೇ, ಸಾಮಾನ್ಯವಾಗಿ 5 ನ್ಯೂಟನ್ ಮೀಟರಿನಷ್ಟು, ಬಿಗಿಯಬೇಕು. ಉಳಿದದ್ದು 300 ಗ್ರಾಂ, ಒಂದು ತಂಬಿಗೆ ನೀರಿಗಿಂತ ಕಡಿಮೆ.

ಇನ್ನೊಂದು ವಿಷಯ ನಮ್ಮ ನೆಲಕ್ಕೇ ಸೇರಿದ್ದು. ಓಟದ ಬೈಕಿಗೆಂದು ಮಾಡಿದ ಹಳೆಯ ಕಾರ್ಬನ್ ಫೋರ್ಕುಗಳಲ್ಲಿ ಟೈರಿಗೂ ಕಿರೀಟಕ್ಕೂ ನಡುವೆ ಜಾಗ ಬಹಳ ಕಡಿಮೆ, 23 ಅಥವಾ 25 ಮಿ.ಮೀ. ಅಗಲದ ಟೈರು ಮಾತ್ರ ಹಿಡಿಸುತ್ತದೆ. ಮುಂಗಾರಿನಲ್ಲಿ ನವಲಗುಂದ, ಅಣ್ಣಿಗೇರಿ ಕಡೆ ಟ್ರ್ಯಾಕ್ಟರುಗಳು ಹೊಲದಿಂದ ಡಾಂಬರಿಗೆ ಎಳೆದು ತರುವ ಎರೆಮಣ್ಣಿನ ಮೇಲೆ ನೂರು ಮೀಟರ್ ಹೋದರೆ ಸಾಕು, ಮಣ್ಣು ಟೈರಿಗೆ ಸುತ್ತಿಕೊಂಡು ಕಿರೀಟದ ಕೆಳಗೆ ಗಿಡಿದು ಚಕ್ರ ನಿಂತುಬಿಡುತ್ತದೆ. ಕಡ್ಡಿಯಿಂದ ಕೆದಕುವಾಗ ಕಾರ್ಬನ್ ಮೇಲೆ ಬೀಳುವ ಗೀರುಗಳನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಸರ್, ಕೈಗೆ ಬರುವ ನಡುಕದ ಬಹುಪಾಲು ಟೈರಿನದು. 23ರ ಟೈರಿಗೆ 110 ಪಿಎಸ್‌ಐ ಗಾಳಿ ಹಾಕಿದರೆ ಯಾವ ಫೋರ್ಕೂ ಮೆತ್ತಗಾಗುವುದಿಲ್ಲ. 28ರ ಟೈರು ಹಿಡಿಸುವ ಉಕ್ಕಿನ ಫೋರ್ಕ್ ಹಾಕಿ, ನಿಮ್ಮ ತೂಕ 70 ಕಿಲೊ ಆಸುಪಾಸಿದ್ದರೆ 75-80 ಪಿಎಸ್‌ಐ ಗಾಳಿಯಲ್ಲಿ ಓಡಿಸಿ ನೋಡಿ.

ಫೋರ್ಕ್ ಆರಿಸುವಾಗ ನೋಡಬೇಕಾದ ಅಳತೆಗಳು ಹೀಗಿವೆ. ಕೊಳವೆ ಒಂದಂಗುಲ, ಮರೆ ಅಂಗುಲಕ್ಕೆ 24 ಎಳೆ, ಒಳಗೆ 22.2 ಮಿ.ಮೀ. ಸ್ಟೆಮ್ಮು ಇಳಿಯಬೇಕು. ಹೆಡ್ ಟ್ಯೂಬಿನ ಉದ್ದಕ್ಕೆ ಹೆಡ್‌ಸೆಟ್ಟಿನ ಮೇಲಿನ ಮತ್ತು ಕೆಳಗಿನ ಎತ್ತರ ಸೇರಿಸಿದರೆ ಬೇಕಾದ ಕೊಳವೆಯ ಉದ್ದ ಸಿಗುತ್ತದೆ. ಹೊಸ ಫೋರ್ಕಿನ ಕೊಳವೆ ಅದಕ್ಕಿಂತ ಉದ್ದವಿದ್ದರೆ ಕತ್ತರಿಸಬಹುದು, ಆದರೆ ಕತ್ತರಿಸಿದ ಮೇಲೂ ಸಾಕಷ್ಟು ಮರೆ ಉಳಿಯಬೇಕು. ಹಾಗೆಂದು ಮರೆಯನ್ನು ಬಹಳ ಕೆಳಗಿನವರೆಗೆ ಎಳೆಸಲೂಬಾರದು. ಸ್ಟೆಮ್ಮಿನ ಬೆಣೆ ಮರೆಯಿರುವ ಜಾಗದಲ್ಲಿ ಹಿಗ್ಗಿದರೆ, ಮರೆಯಿಂದ ಆಗಲೇ ತೆಳುವಾದ ಗೋಡೆ ಅಲ್ಲಿಯೇ ಬಿರಿಯುತ್ತದೆ. ಬೆಣೆ ಯಾವಾಗಲೂ ಮರೆಯ ಕೆಳಗೆ ಕೂರಬೇಕು.

ಬಾಗು, ಅಂದರೆ ಕೊಳವೆಯ ನಡುಗೆರೆಗೂ ಚಕ್ರದ ಅಚ್ಚಿಗೂ ಇರುವ ಅಂತರ, ಹಳೆಯದಕ್ಕೆ ಸಮನಾಗಿರಲಿ. ಹೆಡ್ ಟ್ಯೂಬ್ 73 ಡಿಗ್ರಿ ಇದ್ದು ಬಾಗು 45 ಮಿ.ಮೀ. ಆದರೆ ನೆಲದ ಮೇಲಿನ ಟ್ರೇಲ್ (ಹೆಡ್ ಟ್ಯೂಬಿನ ನಡುಗೆರೆ ನೆಲಕ್ಕೆ ತಾಗುವ ಬಿಂದುವಿಗೂ ಟೈರು ತಾಗುವ ಬಿಂದುವಿಗೂ ಇರುವ ಅಂತರ) ಸುಮಾರು 55 ಮಿ.ಮೀ. ಬರುತ್ತದೆ, ಅದು ರೋಡ್ ಬೈಕಿಗೆ ಒಳ್ಳೆಯ ಅಳತೆ. ನಿಮ್ಮ ಫೋರ್ಕ್ ಬಾಗಿದ ಮೇಲೆ ಅದು 60 ದಾಟಿರಬೇಕು. ಹ್ಯಾಂಡಲ್ ತಿರುಗಿಸುವುದು ತುಸು ಭಾರವಾಗಿದ್ದನ್ನೂ ನೀವು ಗಮನಿಸಿರಬಹುದು. ಫೋರ್ಕಿನ ಎತ್ತರವೂ ಮುಖ್ಯ. 10 ಮಿ.ಮೀ. ಹೆಚ್ಚಾದರೆ ಹೆಡ್ ಟ್ಯೂಬಿನ ಕೋನ ಅರ್ಧ ಡಿಗ್ರಿಗೂ ಹೆಚ್ಚು ಮಲಗುತ್ತದೆ. ಬಾಗಿದ ಫೋರ್ಕಿನ ಎತ್ತರ ನಂಬುವಂತಿಲ್ಲವಾದ್ದರಿಂದ ಬ್ರೇಕಿನ ರಂಧ್ರದಿಂದ ರಿಮ್ಮಿನಲ್ಲಿ ರಬ್ಬರು ತಾಗುವ ಜಾಗದವರೆಗೆ ಅಳೆಯಿರಿ. ಹೊಸದರಲ್ಲಿಯೂ ಅಷ್ಟೇ ಬರಬೇಕು.

ಕೊನೆಯದಾಗಿ, ಕಿರೀಟದ ಮೇಲೆ ಕೆಳಗಿನ ಬೇರಿಂಗ್ ಬಳೆ ಕೂರುವ ಜಾಗ. ಅದರಲ್ಲಿ 26.4 ಮತ್ತು 27.0 ಎಂಬ ಎರಡು ಅಳತೆಗಳಿವೆ. 27.0 ಇದ್ದದ್ದನ್ನು ಲೇತಿನಲ್ಲಿ ಕೆತ್ತಿ 26.4ರ ಬಳೆಗೆ ಹೊಂದಿಸಬಹುದು. 26.4 ಇದ್ದದ್ದನ್ನು ಹಿಗ್ಗಿಸಲಾಗುವುದಿಲ್ಲ.

ನವನಗರ, ಹುಬ್ಬಳ್ಳಿ

ಜೋಡಿಸುವಾಗಿನ ಕೆಲವು ವಿಷಯ. ಹಳೆಯ ಕ್ರ್ಯಾಂಕು ಬಿಚ್ಚಲು 22 ಮಿ.ಮೀ. ಮರೆಯ ಪುಲ್ಲರ್ ಬೇಕು. ನಮ್ಮ ಕಡೆ ಕಾಟರ್ ಪಿನ್ನಿನ ಸೈಕಲ್ಲೇ ಹೆಚ್ಚಿರುವುದರಿಂದ ಪಿನ್ನಿಗೆ ಬಡಿದಂತೆ ಇದಕ್ಕೂ ಸುತ್ತಿಗೆಯಿಂದ ಬಡಿಯುವವರಿದ್ದಾರೆ. ಬಡಿಸಬೇಡಿ. ಬೋಲ್ಟು ತೆಗೆದ ಮೇಲೆ ಅದರ ವಾಷರು ಒಳಗೇ ಉಳಿದಿದೆಯೇ ಎಂದು ಟಾರ್ಚ್ ಹಿಡಿದು ನೋಡಿ. ವಾಷರು ಒಳಗಿದ್ದಾಗ ಪುಲ್ಲರ್ ತಿರುಗಿಸಿದರೆ ಕ್ರ್ಯಾಂಕಿನ ಮರೆಯೇ ಕಿತ್ತು ಬರುತ್ತದೆ.

ವಿದ್ಯಾನಗರದವರು ಹೇಳಿದ 24 ಮಿ.ಮೀ. ಅಚ್ಚಿನ ಕ್ರ್ಯಾಂಕು ಒಳ್ಳೆಯದೇ. ಆದರೆ ಬೇರಿಂಗುಗಳು ಹೊರಗೆ ಬರುವುದರಿಂದ ಕೊಳವೆಯ ಎರಡೂ ಮುಖಗಳು ಒಂದಕ್ಕೊಂದು ಸಮಾನಾಂತರವಾಗಿರಬೇಕು. ಹಳೆಯ ಚೌಕಟ್ಟಿನಲ್ಲಿ ಬಣ್ಣದ ಕೆಳಗೆ ಅವು ಹೇಗಿವೆ ಎಂದು ಹೇಳಲಾಗದು, ಮುಖ ಕೆತ್ತುವ ಉಪಕರಣ ಹತ್ತಿರದಲ್ಲಿ ಸಿಗುವುದೂ ಕಷ್ಟ. ಮುಚ್ಚಿದ ಕಾರ್ಟ್ರಿಜ್ ಮಾದರಿಯ ಚೌಕ ಅಚ್ಚು ಅಗ್ಗ, ಧೂಳಿಗೆ ಗಟ್ಟಿ, ಹಲವು ವರ್ಷ ಮುಟ್ಟದೆ ಓಡುತ್ತದೆ. ಈ ಬೈಕಿಗೆ ನನ್ನ ಮತ ಅದಕ್ಕೇ. ಕ್ರ್ಯಾಂಕಿನ ಬೋಲ್ಟನ್ನು 35ರಿಂದ 50 ನ್ಯೂಟನ್ ಮೀಟರಿಗೆ ಬಿಗಿಸಿ. ಗಿಡ್ಡ ಪಾನಾದಿಂದ ಕೈಯಲ್ಲಿ ಬಿಗಿದರೆ ಅಷ್ಟು ಬರುವುದಿಲ್ಲ, ನಿಮ್ಮ ಹಳೆಯ ಎಡ ಕ್ರ್ಯಾಂಕು ಸತ್ತದ್ದೂ ಬಹುಶಃ ಅದರಿಂದಲೇ. ಮೊದಲ ಒಂದೆರಡು ಸವಾರಿಯ ನಂತರ ಅದೇ ಬಲದಲ್ಲಿ ಒಮ್ಮೆ ಪರೀಕ್ಷಿಸಿದರೆ ಸಾಕು. ವಾರವಾರವೂ ಬಿಗಿಯಬೇಡಿ.

ಸಪ್ತಾಪುರ, ಧಾರವಾಡ

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಕೆಲಸ ಮುಗಿದಿದೆ.

110ರ ವೃತ್ತದ, ಜಪಾನ್ ಮಾದರಿಯ ಚೌಕ ಅಚ್ಚಿನ, 170 ಮಿ.ಮೀ. ಉದ್ದದ ಕ್ರ್ಯಾಂಕು ತಂದೆ. ಅದರೊಡನೆ ಬಂದ 50ರ ರಿಂಗು ತೆಗೆದು 46 ಹಾಕಿಸಿದೆ, ಒಳಗೆ 34 ಇದೆ. ತಯಾರಕರು ಹೇಳಿದ್ದ 110 ಮಿ.ಮೀ. ಅಚ್ಚಿನ ಕಾರ್ಟ್ರಿಜ್ಜೇ ಸಿಕ್ಕಿತು. ಹಳೆಯ ಬಲ ಕಪ್ಪು ಬಿಚ್ಚಲು ನಾಲ್ಕು ರಾತ್ರಿ ತುಕ್ಕಿನ ಎಣ್ಣೆ ಬಿಟ್ಟು, ಐದನೆಯ ದಿನ ಪಾನಾಕ್ಕೆ ಮೂರಡಿ ಕೊಳವೆ ಸಿಕ್ಕಿಸಿ ಎಳೆಯಬೇಕಾಯಿತು. ಜೋಡಿಸಿದ ಮೇಲೆ ಸೀಟಿನ ಕೊಳವೆಯ ನಡುವಿನಿಂದ ಎರಡು ರಿಂಗುಗಳ ನಡುವಿನವರೆಗೆ 44 ಮಿ.ಮೀ. ಬಂತು. ಇರಬೇಕಾದದ್ದು 43.5.

ಫೋರ್ಕ್ ಉಕ್ಕಿನದು, ಬಾಗು 45 ಮಿ.ಮೀ. ಕಿರೀಟದ ಅಳತೆ 27.0 ಇತ್ತು. ನನ್ನ ಬಳೆ 26.4ರದ್ದಾದ್ದರಿಂದ ಗೋಕುಲ ರಸ್ತೆಯ ಅಣ್ಣನವರ ಲೇತಿಗೇ ಒಯ್ದೆ. ಅವರು ಬಳೆ 0.1 ಮಿ.ಮೀ. ಬಿಗಿಯಾಗಿ ಕೂರುವಷ್ಟು ಮಾತ್ರ ಕೆತ್ತಿ, ಕೊಳವೆಯಿಂದ ಬಳೆಯನ್ನು ಇಳಿಸಿ, ಉದ್ದನೆಯ ಪೈಪಿನಿಂದ ಸುತ್ತಲೂ ಸಮನಾಗಿ ತಟ್ಟಿ ಕೂರಿಸಿದರು. ಕೊನೆಯ ಪೆಟ್ಟಿಗೆ ಸದ್ದು ಬದಲಾಗುತ್ತದೆ ಎಂದು ಅವರು ಮೊದಲೇ ಹೇಳಿದ್ದರು, ಹಾಗೆಯೇ ಟೊಳ್ಳು ಸದ್ದು ಹೋಗಿ ಗಟ್ಟಿ ಸದ್ದು ಬಂದಿತು. ಕೊಳವೆಯನ್ನು 30 ಮಿ.ಮೀ. ಕತ್ತರಿಸಿದ ಮೇಲೂ ಅಷ್ಟೇ ಮರೆ ಉಳಿದಿದೆ, ಸ್ಟೆಮ್ಮಿನ ಬೆಣೆ ಅದರ ಕೆಳಗೆ ಕೂತಿದೆ. 28ರ ಟೈರು ಹಾಕಿ ಕಿರುಬೆರಳು ತೂರಿಸಿದರೆ ಕಿರೀಟದ ಕೆಳಗೆ ಹೋಗುತ್ತದೆ.

ಕಳೆದ ಭಾನುವಾರ ಯಲ್ಲಮ್ಮನ ಗುಡ್ಡವನ್ನು ಕುಳಿತೇ ಹತ್ತಿದೆ. ಮರುದಿನ ಮೊಣಕಾಲು ನೋಯಲಿಲ್ಲ. ಬೂಟು ಟೈರಿಗೆ ತಾಗುವುದಿಲ್ಲ.

ಗದಗ-ಬೆಟಗೇರಿ

ಬಹಳ ಸಂತೋಷ ಸರ್. ಮುಂದಿನ ಡಿರೇಲರು ಹೇಗೆ ಕೆಲಸ ಮಾಡುತ್ತಿದೆ? ಅದರ ಪಂಜರ 52ರ ರಿಂಗಿನ ದುಂಡಿಗೆ ಮಾಡಿದ್ದು, 46ಕ್ಕೆ ಹೊಂದಿತೇ?

ಸಪ್ತಾಪುರ, ಧಾರವಾಡ

ಪಟ್ಟಿ ಸಡಿಲಿಸಿ 12 ಮಿ.ಮೀ. ಕೆಳಗಿಳಿಸಿ, ದೊಡ್ಡ ರಿಂಗಿನ ಹಲ್ಲಿನ ಮೇಲೆ 2 ಮಿ.ಮೀ. ಜಾಗ ಬಿಟ್ಟೆವು. ಪಂಜರದ ಹಿಂದಿನ ತುದಿಯಲ್ಲಿ ಜಾಗ ತುಸು ಹೆಚ್ಚಿದೆ. ಏರುವಾಗ ಮೊದಲಿಗಿಂತ ಅರ್ಧ ಕ್ಷಣ ತಡ, ಆದರೆ ಚೈನು ಇದುವರೆಗೆ ಒಮ್ಮೆಯೂ ಬಿದ್ದಿಲ್ಲ. 34ಕ್ಕೆ 11ರಲ್ಲಿ ಚೈನು ಜೋತು ಬೀಳುವ ಅಂಚಿನಲ್ಲಿದೆ. ಆ ಗೇರನ್ನು ಬಳಸುವುದಿಲ್ಲ.

ಹಾವೇರಿ

ಹಳೆಯ ಫೋರ್ಕ್ ಏನು ಮಾಡಿದಿರಿ ಸರ್?

ಸಪ್ತಾಪುರ, ಧಾರವಾಡ

ಮಿಸ್ತ್ರಿಯವರು ಕೇಳಿದರು, ನೇರ ಮಾಡಿ ಯಾರಿಗಾದರೂ ಉಪಯೋಗಕ್ಕೆ ಬರುತ್ತದೆ ಎಂದರು. ಅವರ ಉದ್ದೇಶ ಕೆಟ್ಟದ್ದಲ್ಲ. ಆದರೆ ನಾನು ಮನೆಗೆ ತಂದು ಅದರ ಕೊಳವೆಯನ್ನು ಕಿರೀಟದ ಮೇಲೆಯೇ ಗರಗಸದಿಂದ ಎರಡು ತುಂಡು ಮಾಡಿ, ಆಮೇಲೆ ಗುಜರಿಗೆ ಹಾಕಿದೆ.